ಸಾಹೇಬರ ಕುಂಟು, ಅತ್ತೆಯ ನೆಟ್ಟಗಿನ ನಡಿಗೆ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ನಾಯಿಮರಿ ಕುಂಟಿದ್ದು ನನ್ನಿಂದಲ್ಲ, ಆದರೆ ನಮ್ಮ ಅತ್ತೆ ನೆಟ್ಟಗೆ ನಡೆದದ್ದು ನನ್ನಿಂದಲೇ. ಅರವತ್ತು ದಾಟಿದ ಹೆಂಗಸು ನೆಟ್ಟಗೆ ನಡೆದರೆ ತಪ್ಪೇನು ಎಂದು ನೀವು ಕೇಳಬಹುದು. ನಮ್ಮ ಅತ್ತೆಯನ್ನು ನೀವು ನೋಡಿಲ್ಲ, ಅದಕ್ಕೇ ಕೇಳುತ್ತೀರಿ.

ಅತ್ತೆ ಎಂದರೆ ನಮ್ಮ ಅಪ್ಪನ ಅಕ್ಕ. ಬಾಗಲಕೋಟೆಯ ನವನಗರದಲ್ಲಿ ನಮ್ಮ ಗೋಡೆಗೆ ಅವಳ ಗೋಡೆ ಅಂಟಿಕೊಂಡಿದೆ. ಇಳಕಲ್ಲಿನಿಂದ ಸೀರೆ ತಂದು ಮನೆಯ ಪಡಸಾಲೆಯಲ್ಲೇ ಮಾರುತ್ತಾಳೆ. ಜಗತ್ತಿನಲ್ಲಿ ಹೆದರಿದವರು ಅಳುತ್ತಾರೆ, ಓಡುತ್ತಾರೆ, ದೇವರ ಹೆಸರು ಹೇಳುತ್ತಾರೆ. ನಮ್ಮ ಅತ್ತೆ ಬೈಯುತ್ತಾಳೆ. ಗುಡುಗಿದರೆ ಗುಡುಗಿಗೆ ಬೈಯುತ್ತಾಳೆ. ನನಗೆ ಟೈಫಾಯ್ಡ್ ಆದಾಗ ವಾರ್ಡಿನಲ್ಲಿ ನಿಂತು ಅವಳು ಬೈದ ರಭಸಕ್ಕೆ ಪಕ್ಕದ ಹಾಸಿಗೆಯವನು ನನಗಿಂತ ಮೊದಲು ಗುಣವಾಗಿ ಮನೆಗೆ ಹೋದ. ಹೀಗಾಗಿ ನಮ್ಮ ಮನೆಯಲ್ಲಿ ಒಂದು ಲೆಕ್ಕವಿದೆ. ಅತ್ತೆ ಬೈಯುತ್ತಿದ್ದರೆ ಹೆದರಿದ್ದಾಳೆ ಎಂದರ್ಥ. ಬೈಯುವುದನ್ನು ನಿಲ್ಲಿಸಿದರೆ ನಾವು ಹೆದರಬೇಕು ಎಂದರ್ಥ.

ಇನ್ನು ನಾನು. ನನ್ನ ಕಸುಬು ಹುಡುಕಾಟದಲ್ಲಿದೆ, ಹವ್ಯಾಸ ಮಾತ್ರ ಖಾಯಂ: ಕಂಡವರನ್ನೆಲ್ಲ ಅಣಕಿಸುವುದು. ಒಮ್ಮೆ ಬಾದಾಮಿ ಬಸ್ ಸ್ಟ್ಯಾಂಡಿನಲ್ಲಿ ಕಂಡಕ್ಟರನ ದನಿ ತೆಗೆದು ‘ಕುಳಗೇರಿ ಕ್ರಾಸ್, ಕುಳಗೇರಿ ಕ್ರಾಸ್’ ಎಂದು ಕೂಗಿದ್ದಕ್ಕೆ ಒಬ್ಬ ಮುದುಕ ಚೀಲ ಹೊತ್ತುಕೊಂಡು ನನ್ನ ಬೆನ್ನ ಹಿಂದೆ ಬಸ್ಸು ಹುಡುಕಿದ್ದುಂಟು. ಕನ್ನಡಿಯ ಮುಂದೆ ನಿಂತು ನನ್ನನ್ನೂ ಅಣಕಿಸಿ ನೋಡಿದ್ದೇನೆ. ಚೆನ್ನಾಗಿ ಬರಲಿಲ್ಲ, ಮೂಲವೇ ಸುಮಾರು. ಆದರೆ ನನ್ನ ಹೆಸರು ಓಣಿಯಲ್ಲಿ ನಿಂತಿರುವುದು ಅತ್ತೆಯ ನಡಿಗೆಯ ಮೇಲೆ. ಅವಳ ಎಡಮಂಡಿ ಸವೆದಿದೆ. ಒಂದು ಹೆಜ್ಜೆ ನವನಗರಕ್ಕೆ, ಇನ್ನೊಂದು ಹೆಜ್ಜೆ ಡ್ಯಾಮಿನ ಹಿನ್ನೀರಲ್ಲಿ ಮುಳುಗಿದ ಹಳೇ ಊರಿಗೆ ಎನ್ನುವಂತೆ ವಾಲುತ್ತ ನಡೆಯುತ್ತಾಳೆ. ಅದನ್ನು ನಾನು ಮಾಡಿದರೆ ಅವಳೇ ನಕ್ಕು, ಆಮೇಲೆ ಕಸಬರಿಗೆ ಹುಡುಕುತ್ತಿದ್ದಳು.

ಇಂಥ ಮನೆಗೆ ಮುಧೋಳ ಜಾತಿಯ ಒಂದು ಮರಿ ಬಂತು. ಬೀಗರ ಪೈಕಿ ಯಾರೋ ಕೊಟ್ಟದ್ದು. ಕಾಲೇ ಹೆಚ್ಚು, ನಾಯಿ ಕಡಿಮೆ. ಅತ್ತೆ ಅದನ್ನು ಸಾಹೇಬ ಎಂದು ಕರೆದಳು. ಕರೆದದ್ದಷ್ಟೇ ಅಲ್ಲ, ಮರ್ಯಾದೆಯನ್ನೂ ಕೊಟ್ಟಳು.

“ಸಾಹೇಬ್ರ, ಹಾಲು ಕುಡೀರಿ. ಲೇ ಮಂಗ್ಯಾ, ದೂರ ಸರಿ, ಅವರಿಗೆ ಗಾಳಿ ಬರವಲ್ದು.”

ಮಂಗ್ಯಾ ಯಾರೆಂದು ಬೇರೆ ಹೇಳಬೇಕೆ?

ಬಾದಾಮಿಯಿಂದ ಒಬ್ಬಾಕೆ ಮಗಳ ನಿಶ್ಚಯಕ್ಕೆಂದು ಸೀರೆ ನೋಡಲು ಬಂದಿದ್ದಳು. ಒಳ್ಳೊಳ್ಳೆಯ ಸೀರೆಗಳ ಗಂಟಿನ ಮೇಲೆ ಸಾಹೇಬರು ಮಲಗಿದ್ದರು. ಅತ್ತೆ ಗಂಟಿನ ಕಡೆ ಕೈ ಚಾಚಿ, ಹಿಂದೆಗೆದು, “ಒಂದ್ ತಾಸು ಬಿಟ್ಟು ಬರ್ರಿ ಯವ್ವಾ. ಈಗ ಮಲ್ಕೊಂಡಾರ” ಎಂದಳು. ಆಕೆ ಪಾಪ, ಒಳಗೆ ಯಾರೋ ಹಿರಿಯರು ಮಲಗಿದ್ದಾರೆಂದು ತಿಳಿದು ತುದಿಗಾಲಲ್ಲಿ ಹೆಜ್ಜೆಯಿಟ್ಟು ಹೊರಗೆ ಹೋದಳು.

ಮರಿಗೆ ನಾಲ್ಕೈದು ತಿಂಗಳಾಗಿರಬೇಕು. ಒಂದು ಬೆಳಿಗ್ಗೆ ಎದ್ದು ಮೈ ಮುರಿದು ನಡೆಯತೊಡಗಿತು, ಮುಂದಿನ ಎಡಗಾಲನ್ನು ನೆಲಕ್ಕೆ ಊರಲಿಲ್ಲ. ಮುಳ್ಳು ನೋಡಿದೆವು, ಇಲ್ಲ. ಬಾವು ನೋಡಿದೆವು, ಇಲ್ಲ. ಬಿದ್ದಿದ್ದನ್ನು ಯಾರೂ ಕಂಡಿಲ್ಲ. ಅತ್ತೆ ಬೈಯಲು ಶುರುಮಾಡಿದಳು. ಮೊದಲು ನನಗೆ, ಆಮೇಲೆ ಹಾಲಿನವನಿಗೆ, ಆಮೇಲೆ ನೆಲಕ್ಕೆ ನುಣ್ಣನೆಯ ಫರಸಿ ಕಲ್ಲು ಹಾಕಿದ ಗೌಂಡಿಗೆ. ಅವನು ಫರಸಿ ಹಾಕಿ ಎಷ್ಟೋ ವರ್ಷವಾಗಿತ್ತು.

ನಗುವುದು ಸುಲಭ. ಆದರೆ ಇದಕ್ಕಿಂತ ಮೊದಲು ಅತ್ತೆ ಸಾಕಿದ್ದ ನಾಯಿಯೂ ಹೀಗೇ ಶುರುಮಾಡಿತ್ತು. ಮೊದಲು ಒಂದು ಕಾಲು ಎಳೆಯಿತು, ಆಮೇಲೆ ಹಿಂಗಾಲೆರಡೂ ಬಿದ್ದುಹೋದವು, ಆಮೇಲೆ ಅನ್ನ ಬಿಟ್ಟಿತು. ಆ ಕತೆಯನ್ನು ನಮ್ಮ ಮನೆಯಲ್ಲಿ ಯಾರೂ ಕೊನೆಯವರೆಗೆ ಹೇಳುವುದಿಲ್ಲ. ಅದಕ್ಕೇ ಈ ಮರಿ ಕಾಲು ಎತ್ತಿದ್ದನ್ನು ಕಂಡು ನಾನೂ ಅಣಕಿಸಲು ಹೋಗಲಿಲ್ಲ.

ಅತ್ತೆ ದೃಷ್ಟಿ ತೆಗೆದಳು. ಉಪ್ಪು, ಒಣಮೆಣಸಿನಕಾಯಿ ಮುಷ್ಟಿಯಲ್ಲಿ ಹಿಡಿದು ಮರಿಗೆ ನಿವಾಳಿಸಿ ಒಲೆಗೆ ಹಾಕಿದಳು. ಘಾಟು ಬರದಿದ್ದರೆ ದೃಷ್ಟಿ ಆಗಿತ್ತು, ಘಾಟು ಬಂದರೆ ಆಗಿರಲಿಲ್ಲ ಎಂಬುದು ನಮ್ಮ ಕಡೆಯ ಲೆಕ್ಕ. ಎಂಥ ಘಾಟು ಬಂತೆಂದರೆ ಸಾಹೇಬರು ಸೀನಿ ಸೀನಿ ಮೂರೇ ಕಾಲಲ್ಲಿ ಅಂಗಳಕ್ಕೆ ಓಡಿದರು. ಅತ್ತೆಯ ಮುಖ ಇನ್ನಷ್ಟು ಇಳಿಯಿತು. ದೃಷ್ಟಿಯಾಗಿದ್ದರೆ ಚೆನ್ನಾಗಿತ್ತು, ತೆಗೆಯಬಹುದಿತ್ತು. ದೃಷ್ಟಿಯೂ ಅಲ್ಲ ಎಂದರೆ ಏನು?

ಆಮೇಲೆ ತನ್ನ ಮಂಡಿನೋವಿನ ಗುಳಿಗೆಯನ್ನು ಅರ್ಧ ಮುರಿದು ಹಾಲಿಗೆ ಹಾಕಲು ಹೋದಳು. ನಾನು ಬಟ್ಟಲು ಕಸಿದುಕೊಂಡೆ. “ಅದು ಮನಿಷ್ಯಾರ ಗುಳಿಗಿ ಅತ್ತಿ.”

“ಮತ್ತ ಇವರೇನ್ ದನಾನ?”

ಅವಳನ್ನು ಸ್ವಲ್ಪ ನಗಿಸಬೇಕು ಎನ್ನಿಸಿತು. ಸಂಜೆ ಅವಳು ಹಿತ್ತಲಿಗೆ ಹೋಗುತ್ತಿದ್ದಳು, ಎಡಗಾಲು ಎಳೆಯುತ್ತ. ಅವಳ ಹಿಂದೆ ಮರಿ, ಅದೂ ಎಡಗಾಲು ಎತ್ತಿಕೊಂಡು. ತಾಳ ತಪ್ಪದ ಮೆರವಣಿಗೆ. ನನ್ನ ಬಾಯಿಗೆ ಬೀಗವಿಲ್ಲ.

“ಅತ್ತಿ, ಇದಕ್ಕೇನೂ ಆಗಿಲ್ಲ. ಇದೂ ನನ್ನಂಗ. ನಿನ್ನ ನಡಿಗಿ ಕಲ್ಯಾಕತ್ತೈತಿ.”

ಅವಳು ನಗಲಿಲ್ಲ. ತಿರುಗಿ ಮರಿಯನ್ನು ನೋಡಿದಳು, ಆಮೇಲೆ ತನ್ನ ಕಾಲನ್ನು ನೋಡಿಕೊಂಡಳು. ಬೈಯಲೂ ಇಲ್ಲ.

ಮರುದಿನ ಅತ್ತೆ ನೆಟ್ಟಗೆ ನಡೆಯುತ್ತಿದ್ದಳು. ಬೆನ್ನು ಕೋಲು, ಕುತ್ತಿಗೆ ಕೋಲು, ಹೆಜ್ಜೆ ಒಂದೇ ಸಮ. “ಏನತ್ತಿ, ಪೊಲೀಸ್ ಭರ್ತಿಗೆ ಹೊಂಟೀಯೇನ?” ಎಂದು ಕೇಳಿದೆ. ಅವಳು ನೆಟ್ಟಗೇ ಅಡುಗೆಮನೆಗೆ ಹೋದಳು. ನಾನು ನೀರು ಕುಡಿಯಲು ಹಿಂದೆಯೇ ಹೋದರೆ, ಬಾಗಿಲ ಮರೆಯಲ್ಲಿ ಕಟ್ಟೆ ಹಿಡಿದು, ತುಟಿ ಕಚ್ಚಿ, ಮಂಡಿ ಒತ್ತಿಕೊಳ್ಳುತ್ತಿದ್ದಳು. ಹಣೆಯ ಮೇಲೆ ಬೆವರಿತ್ತು.

“ಅತ್ತಿ, ಏನಾತು?”

“ಸುಮ್ಕಿರು. ಹೊರಗ ಅವರು ನೋಡಾಕತ್ತಾರ.”

ನಿನ್ನೆ ಅಂದದ್ದು ತಮಾಷೆ ಎಂದು ಆಗಲೇ ಹೇಳಿಬಿಡುತ್ತಿದ್ದೆ. ಆದರೆ ಹೊರಗೆ ಬಂದು ನೋಡಿದರೆ ಮರಿ ಎಡಗಾಲು ಊರಿ ನಡೆಯುತ್ತಿದೆ! ಅತ್ತೆಯ ಕಣ್ಣು ತುಂಬಿತು. ನನಗೂ ಒಂದು ಕ್ಷಣ ನಾನು ದೊಡ್ಡ ವೈದ್ಯನಿರಬೇಕು ಅನ್ನಿಸಿತು. ಅವಳು ಇನ್ನೂ ನೆಟ್ಟಗೆ ನಡೆದಳು. ಕಾಯಿಪಲ್ಲೆ ತರಲೂ ನೆಟ್ಟಗೆ, ದೇವರಿಗೆ ದೀಪ ಹಚ್ಚಲೂ ನೆಟ್ಟಗೆ. ನನ್ನಿಂದ ಅದನ್ನು ಅಣಕಿಸಲಾಗಲಿಲ್ಲ. ಪ್ರಯತ್ನಿಸಿದೆ, ನಗು ಬರಲಿಲ್ಲ.

ಎರಡು ದಿನ ಕಳೆದಿರಬೇಕು, ಗೋಡೆಯಾಚೆಯಿಂದ ಅವಳ ಕೂಗು ಕೇಳಿತು. ಓಡಿದೆ. ಮರಿ ಮತ್ತೆ ಕುಂಟುತ್ತಿತ್ತು. ಈ ಸಲ ಹಿಂದಿನ ಬಲಗಾಲು. ಹಿಂದಿನ ಕಾಲು ಎಂದ ಕೂಡಲೇ ಇಬ್ಬರಿಗೂ ಹಳೆಯ ನಾಯಿ ನೆನಪಾಯಿತು. ಅತ್ತೆ ಗೋಡೆಗೆ ಒರಗಿ ಪಿಸುಗುಟ್ಟಿದಳು:

“ನನಗ ಹಿಂದಿನ ಕಾಲು ಇಲ್ಲಲ್ಲೋ. ಇವರು ಯಾರನ್ನ ನೋಡಿ ಕಲ್ತ್ರು?”

ನಗಬೇಕಾದ ಮಾತು. ನಾನು ಆಟೋ ಕರೆಯಲು ಓಡಿದೆ.

ಪಶು ದವಾಖಾನೆಯವರೆಗೂ ಅತ್ತೆ ಮರಿಯನ್ನು ತೊಡೆಯ ಮೇಲೆ ಹಿಡಿದಿದ್ದಳು. ಆಟೋ ಗುಂಡಿಗೆ ಇಳಿದು ಹತ್ತಿದರೂ ಡ್ರೈವರನಿಗೆ ಒಂದು ಮಾತೂ ಬೈಯಲಿಲ್ಲ.

ಡಾಕ್ಟರಮ್ಮ ಮರಿಯನ್ನು ನೆಲಕ್ಕೆ ಬಿಡಲು ಹೇಳಿದರು. ಬಿಟ್ಟೆವು. ಸಾಹೇಬರು ನಾಲ್ಕೂ ಕಾಲಲ್ಲಿ ಗತ್ತಿನಿಂದ ನಡೆದುಹೋಗಿ ಅವರ ಚಪ್ಪಲಿ ಮೂಸಿದರು.

“ಚಲೋ ನಡೀತೈತಲ್ರಿ” ಎಂದರು ಡಾಕ್ಟರಮ್ಮ.

ಅತ್ತೆ ನನ್ನ ಬೆನ್ನಿಗೆ ಗುದ್ದಿದಳು. “ಮಾಡಿ ತೋರಿಸಲೇ. ಎಲ್ಲಾರ್ದೂ ಮಾಡ್ತಿ, ಇವರ್ದೂ ಮಾಡು.”

ಹೀಗೆ ನಾನು ಸರಕಾರಿ ದವಾಖಾನೆಯ ನೆಲದ ಮೇಲೆ ಕೈಕಾಲೂರಿ ನಾಯಿಮರಿಯಾದೆ. ಮೊದಲ ದಿನದ ಕುಂಟು ಮಾಡಿದೆ, ಎಡಗೈ ಎತ್ತಿ. ಇವತ್ತಿನ ಕುಂಟು ಮಾಡಿದೆ, ಬಲಗಾಲು ಎತ್ತಿ. ಪಕ್ಕದಲ್ಲಿ ಆಡು ಹಿಡಿದು ನಿಂತಿದ್ದವನೊಬ್ಬ ಬಿದ್ದು ಬಿದ್ದು ನಕ್ಕ. ಆಡು ಮಾತ್ರ ಗಂಭೀರವಾಗಿ ನೋಡಿತು. ಡಾಕ್ಟರಮ್ಮ ನಗಲಿಲ್ಲ.

“ಇನ್ನೊಮ್ಮೆ ಮಾಡ್ರಿ. ಮೊದಲ ಮುಂದಿನ ಕಾಲು, ಅದು ಆರಾಮಾದ ಮ್ಯಾಲ ಹಿಂದಿಂದು. ಹೌದಲ್ರಿ?”

“ಹೌದ್ರಿ” ಎಂದೆ ನೆಲದಿಂದಲೇ.

ಅವರು ಮರಿಯ ಕಾಲಿನ ಉದ್ದೆಲುಬುಗಳನ್ನು ಒಂದೊಂದಾಗಿ ಒತ್ತಿದರು. ಹಿಂದಿನ ಬಲಗಾಲಿನ ಒಂದು ಕಡೆ ಒತ್ತಿದಾಗ ಅದು ಕುಂಯ್ ಎಂದಿತು. ಜ್ವರ ನೋಡಿದರು, ಉಣ್ಣಿ ಜ್ವರವೇನಾದರೂ ಇದ್ದೀತೆಂದು ರಕ್ತವನ್ನೂ ನೋಡಿಸಿದರು. ಅತ್ತೆ ಅಷ್ಟು ಹೊತ್ತೂ ನೆಟ್ಟಗೆ ನಿಂತೇ ಇದ್ದಳು. ಕುರ್ಚಿ ತೋರಿಸಿದರೂ ಕೂರಲಿಲ್ಲ.

ಕೊನೆಗೆ ಡಾಕ್ಟರಮ್ಮ ಹೇಳಿದರು: “ಅಂಜಬ್ಯಾಡ್ರಿ ಅಮ್ಮಾರ. ಎತ್ತರ ಬೆಳಿಯೋ ಜಾತಿ. ಬೆಳಿಯೋ ಮುಂದ ಎಲುಬು ಹಿಂಗ ನೋಯ್ತಾವು, ಇವತ್ತು ಒಂದು ಕಾಲು, ನಾಳೆ ಇನ್ನೊಂದು. ತಾನ ಹೋಗ್ತೈತಿ. ಜಿಗಿದಾಡಾಕ ಬಿಡಬ್ಯಾಡ್ರಿ, ನಿಮ್ಮ ಗುಳಿಗಿ ಹಾಕಬ್ಯಾಡ್ರಿ. ಜ್ವರ ಬಂದ್ರ, ಉಣ್ಣೂದು ಬಿಟ್ರ ಕರ್ಕೊಂಡು ಬರ್ರಿ.”

“ಬೆಳ್ಯಾಕತ್ತಾರ?” ಎಂದಳು ಅತ್ತೆ. “ಅಷ್ಟ ಏನ್ರಿ?”

“ಅಷ್ಟ ರೀ.”

ದವಾಖಾನೆಯ ಮೆಟ್ಟಿಲಿಳಿದ ಮೇಲೆ ಅತ್ತೆ ಮರಿಯನ್ನು ನನ್ನ ಕೈಗೆ ಕೊಟ್ಟಳು. ಒಮ್ಮೆ ಉಸಿರು ಬಿಟ್ಟಳು. ಆಮೇಲೆ ಕುಂಟಿದಳು. ಮನಸಾರೆ, ಹೊಟ್ಟೆ ತುಂಬ ಉಂಡವರ ಹಾಗೆ, ಆ ಕಡೆಗೂ ಈ ಕಡೆಗೂ ವಾಲುತ್ತ ಕುಂಟಿದಳು. ಅಷ್ಟು ದಿನ ಆ ಮಂಡಿಯ ಮೇಲೆ ಅವಳು ಎಷ್ಟು ಭಾರ ಹೊತ್ತಿದ್ದಳೆಂದು ಆಗ ಕಣ್ಣಿಗೆ ಬಿತ್ತು. ಆಟೋ ನಿಲ್ಲಿಸಿದ ಜಾಗ ದೂರವೇನಿರಲಿಲ್ಲ, ಆದರೂ ನನಗೆ ತಡೆಯಲಾಗಲಿಲ್ಲ.

“ಅತ್ತಿ, ಅವತ್ತ ನಾ ಅಂದದ್ದು ಬರೇ ಚಾಷ್ಟಿ. ನಿನ್ನ ನೋಡಿ ಕುಂಟ್ತೈತಿ ಅಂದದ್ದು ಸುಳ್ಳು. ನೀ ಸುಮ್ ಸುಮ್ನ ಇಷ್ಟು ನೋವು ತಿಂದಿ.”

ಅವಳು ನಿಂತಳು. ನನ್ನ ತೋಳಿನಲ್ಲಿದ್ದ ಮರಿಯ ಕಾಲನ್ನು ಸೆರಗಿನಲ್ಲಿ ಮುಚ್ಚಿದಳು.

“ನಿನ್ನ ಮಾತು ನಾ ಯಾವತ್ತರ ನಂಬೇನೇನಲೇ? ಅವತ್ತೂ ನಂಬಿರಲಿಲ್ಲ. ನಂಬಲಾರದ ಸುಮ್ನ ಕುಂದರಾಕ ಧೈರ್ಯ ಸಾಲಲಿಲ್ಲ, ಅಷ್ಟ.”