ಕೊಟ್ಟಿಗೆಯ ಕೊನೆಯ ಫೋಟೋ

ನನ್ನ ನೆಗೆಣ್ಣಿ, ಅಂದರೆ ನಾನು ಅಕ್ಕ ಎಂದು ಕರೆಯುವ ಗಂಡನ ಅಣ್ಣನ ಹೆಂಡತಿ, ಯಾರನ್ನೂ ಮನುಷ್ಯರೆಂದು ನೋಡಿದವಳೇ ಅಲ್ಲ. ಅವಳಿಗೆ ಎಲ್ಲರೂ ದನಗಳೇ! ತಡಸದ ಒಂದು ಮದುವೆಯಲ್ಲಿ ಮದುಮಗನನ್ನು ಮೇಲಿನಿಂದ ಕೆಳಗೆ ನೋಡಿ, "ಹೆಗಲು ಚಲೋ ಅದಾವ. ಹಲ್ಲು ನೋಡೀರೇನು?" ಎಂದು ಬೀಗರನ್ನೇ ಕೇಳಿಬಿಟ್ಟಳು. ಆ ಹುಡುಗನೋ, ಗಾಬರಿಯಲ್ಲಿ ಬಾಯಿ ತೆರೆದು ತೋರಿಸಿಯೇಬಿಟ್ಟ.

ಇಂಥವಳ ಪ್ರಾಣವೆಲ್ಲ ಇದ್ದದ್ದು ತಿಳವಳ್ಳಿಯ ನಮ್ಮ ಮನೆಯ ಹಿತ್ತಲ ಕೊಟ್ಟಿಗೆಯಲ್ಲಿ. ಮುತ್ತಜ್ಜನ ಕಾಲದ್ದು. ಈಚೆಗೆ ತೊಲೆಗೆ ಗೆದ್ದಲು ಹತ್ತಿ, ಗೋಡೆ ವಾಲಿ, ಎಮ್ಮೆಗಳನ್ನು ಹೊಸ ಶೆಡ್ಡಿಗೆ ಕಟ್ಟಿ, ಅದನ್ನು ಕೆಡವುವುದೆಂದು ತೀರ್ಮಾನವಾಯಿತು. ಅಕ್ಕ ಜಗಳಾಡಲಿಲ್ಲ. "ನಾಳೆ ಗೌಂಡಿ ಕೆಡವಾಕ ಬರೂದ್ರಾಗ ಒಳಗಿಂದೆಲ್ಲಾ ಫೋಟೋ ಆಗಬೇಕು. ಆಮ್ಯಾಲ ನನಗ ಏನೂ ಉಳಿಯಂಗಿಲ್ಲ" ಎಂದು ನನಗೆ ಅಪ್ಪಣೆಯಾಯಿತು. ಕಾನ್ವೆಂಟಿನಲ್ಲಿ ಓದಿದವಳಿಗೆ ಕ್ಯಾಮೆರಾ ಬಾರದೆ ಇದ್ದೀತೇ ಎಂಬುದು ಅವಳ ಲೆಕ್ಕ. ಸಿಸ್ಟರ್‌ಗಳು ನನಗೆ ಕಲಿಸಿದ್ದು ಎಂಬ್ರಾಯ್ಡರಿ!

ಮೊಬೈಲು ಹಿಡಿದು ಒಳಗೆ ಹೋದರೆ, ನೆಲವೆಲ್ಲ ಸಗಣಿ ಸಾರಿಸಿ ಒದ್ದೆ ಒದ್ದೆ. ಮೇಲೊಂದು ರಂಗೋಲಿ ಬೇರೆ!

"ಅಕ್ಕಾ, ಹಳೇದು ಹಳೇದರಂಗ ಕಾಣಬೇಕು. ಅದರ ಬ್ಯೂಟಿನೇ ಬ್ಯಾರೆ."

"ಫೋಟೋ ತಗಸೂ ಮುಂದ ನೀ ಮುಖಾ ತೊಳಕೊಳ್ಳಂಗಿಲ್ಲೇನು?"

ಫ್ಲಾಶ್ ಹಾಕಿದೆ. "ಆರಿಸು ಅದನ್ನ, ಕಣ್ಣಿಗೆ ಕುಕ್ಕತೈತಿ!" ಎಂದಳು. ಯಾರ ಕಣ್ಣಿಗೆ? ಎಮ್ಮೆಗಳು ಶೆಡ್ಡಿನಲ್ಲಿದ್ದವಲ್ಲ! ಅಂತೂ ಮೇವು ಹಾಕುವ ಗೋದಲಿ, ಸವೆದ ಗೂಟಗಳು, ಸಾಗವಾನಿ ಕಂಬಗಳು, ಬೆಳಕಿಂಡಿ, ಎಲ್ಲವನ್ನೂ ಅವಳು ಬೆರಳು ಮಾಡಿದಂತೆ ತೆಗೆದೆ.

ಎಲ್ಲ ಮುಗಿಯಿತು ಅನ್ನುವಾಗ ಅಕ್ಕ ಬಾಗಿಲು ಹಾಕಿ, ಬೆಳಕಿಂಡಿಗೆ ಗೋಣಿಚೀಲ ತುರುಕಿದಳು.

"ಈಗ ತಗಿ."

"ಕತ್ತಲಾಗ ಏನ್ ಬರತೈತಿ ಅಕ್ಕಾ?"

"ನನಗ ಇದು ಹಿಂಗ ಗೊತ್ತು. ಲಗ್ನಾಗಿ ಬಂದ ಹೊಸದ್ರಾಗ, ನಸುಕಿನ್ಯಾಗ ಇಲ್ಲೇ ಕುಂತು ಅಳತಿದ್ದೆ. ಮನಿ ತುಂಬ ಮಂದಿ. ಸೊಸಿಗೆ ಅಳಾಕ ಬ್ಯಾರೆ ಜಾಗಾ ಎಲ್ಲಿತ್ತು?"

ನಾನೂ ಅಲ್ಲೇ ಅತ್ತವಳು, ಅದೂ ಇಂಗ್ಲಿಷಿನಲ್ಲಿ! ಈ ವಯಸ್ಸಿನವರೆಗೂ ಯಾರ ಮುಂದೆಯೂ ಬಾಯಿ ಬಿಟ್ಟಿರಲಿಲ್ಲ.

"ಅಕ್ಕಾ, ನಾನೂ ಇಲ್ಲೇ..."

"ಗೊತ್ತೈತಿ ತಗೋ. ನೀ ಕಣ್ಣು ಒರಿಸಿಕೊಂಡು ಹೊರಗ ಬರೂತನಕ ನಾ ಹಾಲು ಹಿಂಡಾಕ ಬರತಿರಲಿಲ್ಲ. ತಡಾ ಆತಂತ ಅತ್ತೀ ಕಡೆ ಬೈಸಿಕೊಂಡದ್ದು ಎಷ್ಟ!"

ಫ್ಲಾಶ್ ಹಾಕದೆಯೇ ಬಟನ್ ಒತ್ತಿದೆ.

ಹಾನಗಲ್ಲಿನ ಸ್ಟುಡಿಯೋದವ ಆ ಕಪ್ಪು ಚಿತ್ರವನ್ನು ಹಿಗ್ಗಿಸಿ, ಕುಗ್ಗಿಸಿ ನೋಡಿದ. "ಅಮ್ಮಾರ, ಇದರಾಗ ಏನೂ ಬಂದಿಲ್ಲರಿ."

"ಬಂದೈತಿ" ಎಂದೆ. "ದೊಡ್ಡದು ಮಾಡಿ ಎರಡು ಕಾಪಿ ಕೊಡ್ರಿ."