ಟೊಪ್ಪಿಗೆ ಇಲ್ಲದ ಮಲಗುವ ಚೀಲ

ನರಸಿಂಗ ಚೀಲದೊಳಗಿನ ಕುಂಬಳಕಾಯಿಯ ಕೊರಳಿನ ತನಕ ಜಿಪ್ ಎಳೆದ. ಕುಂಬಳಕಾಯಿಗೆ ಕೊರಳಿರುವುದಿಲ್ಲ ಎಂಬುದು ಜಿಪ್ಪಿನ ಹಲ್ಲು ತೊಟ್ಟಿಗೆ ಕಚ್ಚಿಕೊಂಡ ಮೇಲೆ ಅವನ ಗಮನಕ್ಕೆ ಬಂತು.

"ಜೋರ್ ಮಾಡಬ್ಯಾಡ್ರಿ ಸರ್," ಎಂದ ಅಂಗಡಿಯ ಜುಬೇರ. "ಅದು ಕೂಸಿನ ಸಾಮಾನ. ಕಾಯಿಪಲ್ಯಕ್ಕ ಮಾಡಿದ್ದಲ್ಲ."

"ಕೂಸಿನಷ್ಟೇ ತೂಕ ಅದರಿ ಇದು. ನೋಡಿ ತಗೋಬೇಕಲ್ಲ."

"ನನ್ನ ಕಾಯಿ ಕೆಡಸಬ್ಯಾಡಪ್ಪ," ಎಂದಳು ಧೂಳಮ್ಮ. ಅವಳು ನರಸಿಂಗ ಬಾಡಿಗೆಗಿದ್ದ ಮನೆಯ ಒಡತಿ. ಸಂತೆಯಿಂದ ಮನೆಗೆ ಹೊರಟವಳು ಇವನನ್ನು ಕಂಡು ಅಂಗಡಿಯೊಳಗೆ ಬಂದಿದ್ದಳು. ಈಗ ಅಲ್ಲಿದ್ದ ಒಂದೇ ಕುರ್ಚಿಯಲ್ಲಿ ಕೂತು ವ್ಯಾಪಾರ ನಡೆಸುತ್ತಿದ್ದವಳೇ ಅವಳು ಅನ್ನಬೇಕು.

ನರಸಿಂಗ ಬಸವಕಲ್ಯಾಣದ ಒಂದು ಕಾಲೇಜಿನಲ್ಲಿ ಪ್ರಯೋಗಾಲಯದ ಸಹಾಯಕ. ಅಳೆಯದೆ, ತೂಗದೆ ಏನನ್ನೂ ನಂಬುವವನಲ್ಲ. ಜೇಬಿನಲ್ಲಿ ಥರ್ಮಾಮೀಟರ್ ಕೂಡ ಇತ್ತು. ಅದನ್ನು ಆಗಲೇ ಎರಡು ಚೀಲಗಳಲ್ಲಿ ಕುಂಬಳಕಾಯಿಯ ಮಗ್ಗುಲಿಗೆ ಇಟ್ಟು ನೋಡಿದ್ದ. ಎರಡರಲ್ಲೂ ಒಂದೇ ಉಷ್ಣತೆ ಬಂದು ಅವನಿಗೆ ಗೊಂದಲವಾಗಿತ್ತು. ಕುಂಬಳಕಾಯಿಗೆ ಮೈಬಿಸಿ ಇರುವುದಿಲ್ಲ ಎಂದು ಜುಬೇರ ನೆನಪಿಸಬೇಕಾಯಿತು.

ಹೆಂಡತಿ ವರ್ಷಾ ಹೆರಿಗೆಗೆ ಹುಮನಾಬಾದದ ತವರಿಗೆ ಹೋದವಳು ಇನ್ನೂ ಅಲ್ಲೇ ಇದ್ದಳು. ಮಗಳಿಗೆ ಮೂರು ತಿಂಗಳು ತುಂಬಿತ್ತು. ಫೋನಿನೊಳಗಿನ ಅಪ್ಪನನ್ನು ಕಂಡರೆ ಆಕೆ ನಗುತ್ತಿದ್ದಳು; ಭಾನುವಾರ ಎದುರಿಗೆ ಹೋಗಿ ನಿಂತರೆ ಹೆದರಿ ಅಳುತ್ತಿದ್ದಳು. ಇದು ನರಸಿಂಗನಿಗೆ ಸರಿಕಾಣಲಿಲ್ಲ. ಹೆಂಡತಿ ಮಗಳನ್ನು ಮನೆಗೆ ಕರೆತರಬೇಕೆಂದು ಅವನು ಹಟ ಹಿಡಿದದ್ದು ಇದೇ ಕಾರಣಕ್ಕೆ.

ಅಡ್ಡಿಯಾದದ್ದು ಹೊದಿಕೆ. ಕೂಸು ಕೌದಿಯನ್ನು ಒದ್ದು ಸರಿಸುತ್ತಿತ್ತು, ಇಲ್ಲವೇ ಮುಖದ ಮೇಲೆ ಎಳೆದುಕೊಳ್ಳುತ್ತಿತ್ತು. ಸಡಿಲವಾದ ಹೊದಿಕೆ ಬೇಡವೇ ಬೇಡ, ಮಲಗುವ ಚೀಲ ಹಾಕಿ ಎಂದು ಆಸ್ಪತ್ರೆಯ ನರ್ಸ್ ಹೇಳಿದ್ದಳು. ಅತ್ತೆ ಸುಮನಬಾಯಿ ಆ ಮಾತನ್ನೇ ಗಟ್ಟಿಯಾಗಿ ಹಿಡಿದಳು. ಚಳಿಗಾಲ, ಸರಿಯಾದ ಚೀಲ ಬರಲಿ, ಆಮೇಲೆ ಕಳಿಸುತ್ತೇನೆ ಎಂದಳು. ನಾಳೆಯಿಂದ ಧನುರ್ಮಾಸ. ಅದು ಹಿಡಿದರೆ ಸಂಕ್ರಾಂತಿ ಮುಗಿಯುವ ತನಕ ವರ್ಷಾಳನ್ನೂ ಕೂಸನ್ನೂ ಹೊಸ್ತಿಲು ದಾಟಿಸುವ ಮಾತಿಲ್ಲ. ಇವತ್ತೇ, ಅದೂ ದೀಪ ಹಚ್ಚುವುದರೊಳಗೆ, ಅಲ್ಲಿಂದ ಹೊರಡಬೇಕು.

ಫೋನ್ ಬಂತು. ವರ್ಷಾ ನರ್ಸ್ ಹೇಳಿದ್ದನ್ನೆಲ್ಲ ಮತ್ತೊಮ್ಮೆ ಹೇಳಿದಳು.

"ಟೊಪ್ಪಿಗಿ ಇದ್ದದ್ದು ಬ್ಯಾಡ್ರಿ, ಮಲಗಿದಾಗ ಮೂಗಿನ ಮ್ಯಾಲೆ ಸರೀತದ. ಲಾಡಿ ಬ್ಯಾಡ, ಗುಂಡಿ ಬ್ಯಾಡ. ತಲಿ ಒಳಗ ಇಳಿಯುವಷ್ಟು ಕೊರಳ ದೊಡ್ಡದಿರಬಾರದು. ಕೈ ಹೊರಗ ಇರಬೇಕು, ಕಾಲಿಗಿ ಒದೆಯಾಕ ಜಾಗಾ ಬೇಕು. ಭಾಳ ದಪ್ಪನೂ ಬ್ಯಾಡ, ಬೆವರ್ತದ. ಕೇಳಾಕತ್ತೀರಿಲ್ಲೋ?"

"ಕೇಳಾಕತ್ತೇನಿ."

"ಇವತ್ತ ಬಂದು ಕರಕೊಂಡ ಹೋಗ್ರಿ ಮತ್ತ. ನನಗ ಇಲ್ಲಿ ಸಾಕಾಗ್ಯದ. ಅವ್ವ ಒಂದ ಹೇಳ್ತಾಳ, ಓಣಿ ಇನ್ನೊಂದ ಹೇಳ್ತದ."

ಫೋನಿಟ್ಟ ಮೇಲೆ ಧೂಳಮ್ಮ ಕೇಳಿದಳು, "ಟೊಪ್ಪಿಗಿ ಇಲ್ಲದ್ದು ತಗೊಂಡು ಏನ್ ಮಾಡ್ತಿ? ಗಾಳಿ ಮೊದಲ ಹೋಗೋದೇ ಕಿವಿಯಾಗ. ನಿಮ್ಮವ್ವ ನಿನಗ ಕುಂಚಗಿ ಕಟ್ಟಿರಲಿಲ್ಲೇನು? ತಲಿ ಮ್ಯಾಲಿಂದ ಸೊಂಟದ ತನಕ, ಖಣದ್ದು?"

"ಕಟ್ಟಿದ್ದಳು."

"ಮತ್ತ ಸತ್ತೀಯೇನು?"

ನರಸಿಂಗ ಸಿಕ್ಕಿಬಿದ್ದ ಜಿಪ್ಪನ್ನು ಜುಬೇರನ ಕಡೆ ತಿರುಗಿಸಿದ.

ಕುಂಬಳಕಾಯಿ ಸಿಕ್ಕಿಬಿದ್ದ ಚೀಲಕ್ಕೆ ಕರಡಿಯ ಕಿವಿಯುಳ್ಳ ಟೊಪ್ಪಿಗೆಯಿತ್ತು. ಜುಬೇರ ಜಿಪ್ಪಿಗೆ ಸೋಪು ಉಜ್ಜಿ, ಒಂದು ಕಾಲನ್ನು ಗೋಡೆಗೆ ಒತ್ತಿ ಎಳೆದ. ಜಿಪ್ ಉಳಿಯಿತು, ತೊಟ್ಟು ಮುರಿಯಿತು. ತೊಟ್ಟು ಮುರಿದ ಕಾಯಿ ತಾಳುವುದಿಲ್ಲ, ಇವತ್ತೇ ಕೊಯ್ಯಬೇಕು ಎಂದು ಧೂಳಮ್ಮ ಶೋಕದ ದನಿಯಲ್ಲಿ ಘೋಷಿಸಿದಳು.

ಎರಡನೆಯ ಚೀಲಕ್ಕೆ ಲಾಡಿಗಳಿದ್ದವು. ಮೂರನೆಯದು ಮದುವೆಯಲ್ಲಿ ಬೀಗರಿಗೆ ಹಾಸುವ ಗಾದಿಯಷ್ಟು ದಪ್ಪ. ಕೊನೆಗೆ ಜುಬೇರ ಸ್ಟೂಲು ಹತ್ತಿ ಮೇಲಿನ ಕಪಾಟಿನಿಂದ ಒಂದನ್ನು ತೆಗೆದು ಧೂಳು ಕೊಡವಿದ. ಬಣ್ಣ ತೊಳೆದ ಗೋಣಿಚೀಲದ್ದು. ಚಿತ್ರವಿಲ್ಲ, ಕಿವಿಯಿಲ್ಲ, ಲಾಡಿಯಿಲ್ಲ. ತೆಳ್ಳಗಿನ ಅರಳೆಯ ಬಟ್ಟೆ, ತೋಳಿಗೆ ಎರಡು ಕಂಡಿ, ಕಾಲಿನ ಕಡೆಯಿಂದಲೂ ತೆರೆಯುವ ಜಿಪ್.

"ಇದು ಯಾರೂ ಒಯ್ಯಂಗಿಲ್ಲ ಸರ್," ಎಂದ ಪ್ರಾಮಾಣಿಕ ಜುಬೇರ. "ಚಂದ ಇಲ್ಲ."

"ಜ್ವಾಳ ತುಂಬಲಿಕ್ಕ ಬರ್ತದ," ಎಂದಳು ಧೂಳಮ್ಮ.

ನರಸಿಂಗ ಅದನ್ನೇ ಕೊಂಡ. ಆಮೇಲೆ ತೊಟ್ಟು ಮುರಿದ ತಪ್ಪಿಗೆ ಕುಂಬಳಕಾಯಿಯನ್ನು ಧೂಳಮ್ಮನ ಅಡುಗೆಮನೆಯ ತನಕ ಹೊತ್ತುಕೊಂಡು ಹೋದ. ಓಣಿಯಲ್ಲಿ ಎದುರಾದವರೆಲ್ಲ ಕೂಸು ಬಂತೇನು ಎಂದು ಕೇಳಿದರು. ಅವನು ಕುಂಬಳಕಾಯಿಯನ್ನು ಹಿಡಿದ ರೀತಿ ಹಾಗಿತ್ತು.

ಅದೇ ಕಾಲೇಜಿನ ಗಣಿತದ ಉಪನ್ಯಾಸಕ ಮಹಾರುದ್ರಪ್ಪ ಕಾರು ಕೊಡುತ್ತೇನೆ ಎಂದಿದ್ದ. ಕಾರಿನ ಜೊತೆ ತಾನೂ ಬರುತ್ತೇನೆ ಎಂಬುದನ್ನು ಆಮೇಲೆ ಹೇಳಿದ.

"ನೋಡು ನರಸಿಂಗ," ಎಂದ, ಊರು ದಾಟುವ ಮೊದಲೇ. "ನಮ್ಮ ಮೂರೂ ಮಕ್ಕಳು ಕೌದ್ಯಾಗ ಬೆಳದಾರ. ಕೂಸಿಗಿ ಚೀಲದಾಗ ಹಾಕಿದ್ರ ಅದಕ್ಕ ಮಾಲ್ ಆದಂಗ ಅನಸ್ತದ. ಸಣ್ಣವರಿದ್ದಾಗ ಆದ ಅವಮಾನ ದೊಡ್ಡವರಾದರೂ ಹೋಗಂಗಿಲ್ಲ."

"ನರ್ಸ್ ಹೇಳ್ಯಾರ ಸರ್."

"ನರ್ಸಿಗಿ ಎಷ್ಟು ಮಕ್ಕಳು?"

ಅದು ನರಸಿಂಗನಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲದ್ದನ್ನು ಮಹಾರುದ್ರಪ್ಪ ತನ್ನ ವಾದದ ಗೆಲುವೆಂದು ಲೆಕ್ಕ ಹಾಕಿದ.

ರಾಜೇಶ್ವರದಲ್ಲಿ ಚಹಾಕ್ಕೆ ನಿಲ್ಲಿಸಿದರು. ನಿಲ್ಲಿಸಬೇಡಿ ಎಂದು ನರಸಿಂಗ ಹೇಳಿದ್ದ. ಹಾಗೆ ಹೇಳುವವರಿಗೇ ಚಹಾದ ಅವಶ್ಯಕತೆ ಹೆಚ್ಚು ಎಂದು ಮಹಾರುದ್ರಪ್ಪನ ಅಭಿಪ್ರಾಯ. ಚೀಲ ಬೆಂಚಿನಿಂದ ಬೆಂಚಿಗೆ ಹೋಯಿತು. ಒಬ್ಬ ತೋಳಿನ ಕಂಡಿಯಲ್ಲಿ ಬೆರಳು ತೂರಿಸಿ, ಗಾಳಿ ಹೋಗುತ್ತದೆ ಎಂದ. ಇನ್ನೊಬ್ಬ ತೋಳಿನ ಕಂಡಿಯಲ್ಲಿ ಬೆರಳು ತೂರಿಸಿ, ಗಾಳಿ ಆಡುವುದಿಲ್ಲ ಎಂದ. ಮುದುಕನೊಬ್ಬ ಆಡಿನ ಮರಿಗೋ ಎಂದು ವಿಚಾರಿಸಿದ.

ನರಸಿಂಗ ಕೈತೊಳೆದು ಬರುವುದರೊಳಗೆ ಮಹಾರುದ್ರಪ್ಪ ಕಾರಿನ ಕನ್ನಡಿಗೆ ಕಟ್ಟಿದ್ದ ಕರಿಮಣಿಯ ಸರ ಬಿಚ್ಚಿ, ಪಿನ್ನು ಹಾಕಿ ಚೀಲದ ಎದೆಗೆ ಸಿಗಿಸಿದ್ದ.

"ಎಲ್ಲರ ಕಣ್ಣ ಬಿದ್ದಾವ. ಇರಲಿ."

"ಪಿನ್ನು, ದಾರ, ಮಣಿ. ಮೂರೂ ಕೂಸಿನ ಹತ್ರ ಇರಬಾರದರಿ ಸರ್."

"ಹೊಸಾ ಬಟ್ಟಿಗಿ ದೃಷ್ಟಿ ಹತ್ತಂಗಿಲ್ಲೇನು? ಮೆಲ್ಲಗ, ಮೆಲ್ಲಗ ತೆಗಿ."

ಮೆಲ್ಲಗೆ ಎನ್ನುವಷ್ಟರಲ್ಲಿ ದಾರ ಹರಿಯಿತು. ಮಣಿಗಳು ಚೀಲದೊಳಗೆ ಇಳಿದವು. ಒಂದು ಮಣಿ ಉಳಿದರೂ ಕೂಸಿನ ಬಾಯಿಗೆ ಹೋದೀತು. ನರಸಿಂಗ ಚೀಲವನ್ನು ಬೆಂಚಿನ ಮೇಲೆ ಒಳಹೊರಗು ಮಾಡಿ, ಹೊಲಿಗೆ ಹೊಲಿಗೆಯನ್ನೂ ಉಗುರಿನಿಂದ ತಡವಿದ. ಚಹಾ ಕುಡಿದವರು ಇನ್ನೊಂದು ಚಹಾ ಹೇಳಿ ಅವನ ಸುತ್ತ ನಿಂತು ಸಹಕರಿಸಿದರು. ಕಡೆಯ ಮಣಿ ಮಹಾರುದ್ರಪ್ಪನ ಚಪ್ಪಲಿಯ ಕೆಳಗೆ ಸಿಕ್ಕಿತು. ಅಷ್ಟು ಹೊತ್ತಿಗೆ ಬಿಸಿಲು ಹೆದ್ದಾರಿಯ ಆಚೆ ಬದಿಗೆ ಹೋಗಿತ್ತು.

ಹುಮನಾಬಾದದಲ್ಲಿ ವರ್ಷಾ ಸೀರೆ ಉಟ್ಟು, ಗಂಟುಮೂಟೆ ಕಟ್ಟಿ, ಅಳುವ ಮಗಳನ್ನು ಹೆಗಲಿಗೆ ಹಾಕಿಕೊಂಡು ಪಡಸಾಲೆಯಲ್ಲಿ ನಿಂತಿದ್ದಳು. ಅವಳ ಕಣ್ಣ ಕೆಳಗೆ ಕಪ್ಪಾಗಿತ್ತು. ಮಗಳು ಅಪ್ಪನನ್ನು ನೋಡಿ ಅಳುವಿನ ದನಿ ಏರಿಸಿದಳು.

"ಬರ್ರಿ ಅಳ್ಯಾರ, ಕೂಡ್ರಿ," ಎಂದು ಸುಮನಬಾಯಿ ಚೀಲವನ್ನು ಕೈಗೆ ತೆಗೆದುಕೊಂಡಳು. ಜಿಪ್ಪನ್ನು ಏರಿಸಿದಳು, ಇಳಿಸಿದಳು. ಮೂಸಿದಳು. ಕೊರಳಿನೊಳಗೆ ಮುಷ್ಟಿ ಇಳಿಸಿ ಅಳತೆ ನೋಡಿದಳು.

"ಕೈ ಹೊರಗ ಉಳೀತಾವ. ಥಂಡಿ ಹತ್ತತದ."

"ತುಂಬ ತೋಳಿನ ಅಂಗಿ ಹಾಕ್ತೇನಿ ಅವ್ವ," ಎಂದಳು ವರ್ಷಾ.

"ಬಣ್ಣ ಹಿಂಗ್ಯಾಕ?"

"ಬಣ್ಣಕ್ಕ ಥಂಡಿ ಹತ್ತಂಗಿಲ್ಲ."

ಸುಮನಬಾಯಿ ಇನ್ನೊಮ್ಮೆ ಹುಡುಕಿದಳು. ಏನೂ ಸಿಗಲಿಲ್ಲ. "ಬರಾಬರ್ ಅದ," ಎಂದಳು, ಸೋತವಳಂತೆ. ನರಸಿಂಗ ಎದ್ದು ನಿಂತ. "ಆದ್ರ ಹೊಸಾದು," ಎಂದಳು.

"ಹೊಸಾದೇ ತರಬೇಕಲ್ರಿ ಅತ್ತಿ?"

"ಹೊಸಾ ಬಟ್ಟಿ ಹಂಗೇ ಕೂಸಿನ ಮೈಗಿ ಹಾಕಂಗಿಲ್ಲರಿ ನಮ್ಮಲ್ಲಿ. ಮೊದಲ ಇನ್ನೊಂದ ಗಟ್ಟಿಮುಟ್ಟ ಕೂಸು ಹಾಕ್ಕೊಂಡಿರಬೇಕು. ವರ್ಷಾನ ಮೊದಲನೇ ಅಂಗೀನೂ ಮಂದೀ ಮಕ್ಕಳದೇ. ಫಿಕರ್ ಮಾಡಬ್ಯಾಡ್ರಿ, ಬಾಜೂಕ ಆಯೆಷಾನ ಫೈಜಲ ಅದಾನ. ಒಂದ ಗಳಿಗಿ ಹಾಕಿ ತೆಗದರ ಆತು."

ಫೈಜಲ ನಾಲ್ಕು ತಿಂಗಳವನು. ಗಟ್ಟಿಮುಟ್ಟಾಗಿದ್ದಾನೆ ಎಂಬುದಕ್ಕೆ ಅವನ ದನಿಯೇ ಸಾಕ್ಷಿ. ಅವನು ಹುಟ್ಟಿದಾಗಿನಿಂದ ಓಣಿಯ ಜನ ಒಬ್ಬರಿಗೊಬ್ಬರು ಕೂಗಿಯೇ ಮಾತನಾಡುತ್ತಿದ್ದರು. ಆಯೆಷಾ ಅವನನ್ನು ಹೆಗಲಿಗೆ ಹಾಕಿಕೊಂಡು, ನಿದ್ದೆಗೆಟ್ಟ ಕಣ್ಣಲ್ಲಿ ಬಂದಳು.

"ಒಂದೇ ಗಳಿಗಿ ಏನು ಖಾಲಾ?" ಎಂದು ಸುಮನಬಾಯಿಯನ್ನು ಕೇಳಿ ಮಗನನ್ನು ಹಾಸಿಗೆಯ ಮೇಲೆ ಇಳಿಸಿದಳು. ನರಸಿಂಗನೇ ಜಿಪ್ ಎಳೆದ. ಫೈಜಲನ ಬಾಯಿ ತೆರೆದೇ ಇತ್ತು, ಸದ್ದು ಮಾತ್ರ ನಿಂತಿತು. ಅವನು ಜಂತಿ ನೋಡಿದ. ಕಾಲನ್ನು ಒಂದೆರಡು ಸಲ ಝಾಡಿಸಿದ. ಬಾಯಿ ಮುಚ್ಚಿತು, ಹಿಂದೆಯೇ ಕಣ್ಣೂ ಮುಚ್ಚಿದವು.

ಓಣಿಯಲ್ಲಿ ವಿದ್ಯುತ್ ಹೋದಂತಾಯಿತು. ಎದುರು ಮನೆಯವನು ಹೊರಗೆ ಬಂದ. "ಏನಾತು?" ಎಂದು ಗಾಬರಿಯಿಂದ ಕೇಳಿದ. "ಫೈಜಲ ಆರಾಮ ಅದಾನಿಲ್ಲೋ?"

"ಮಲಗ್ಯಾನ," ಎಂದಳು ಆಯೆಷಾ. ಹೇಳಿ ಅವಳೇ ನಂಬಲಾರದೆ ಬಗ್ಗಿ ನೋಡಿದಳು.

"ಆತಲ್ರಿ," ಎಂದ ನರಸಿಂಗ. "ಇನ್ನ ತೆಗೀರಿ."

"ಏನ್ ತೆಗೀಲಿ ಭಾಯಿ?"

"ಚೀಲ."

"ಇಂವ ಹಗಲ ಮಲಗಿದ್ದು ನಾ ನೋಡೇ ಇಲ್ಲ. ತೆಗೀತಿದ್ರ ನೀವೇ ತೆಗೀರಿ. ಎದ್ದ ಮ್ಯಾಲೆ ನೀವೇ ಎತ್ತಕೊಂಡು ಓಣಿ ಸುತ್ತರಿ."

ನರಸಿಂಗ ತೆಗೆಯಲಿಲ್ಲ. ಕೆಮ್ಮಿದ. ಕೆಮ್ಮಿದ್ದಕ್ಕೆ ಸುಮನಬಾಯಿ ನೀರು ಕೊಟ್ಟಳು. ನೀರಿನ ತಂಬಿಗೆ ಅವನ ಕೈಯಿಂದ ಅಕಸ್ಮಾತ್ ಅನ್ನುವಂತೆ ಜಾರಿ, ಕಲ್ಲುಹಾಸಿನ ಮೇಲೆ ಬಾಗಿಲ ತನಕ ಉರುಳಿತು. ಅವನ ಮಗಳು ಇನ್ನೂ ಜೋರಾಗಿ ಅತ್ತಳು. ಫೈಜಲ ತುಟಿ ಚಪ್ಪರಿಸಿದ, ಅಷ್ಟೇ. ನರಸಿಂಗ ಹೊರಗೆ ಹೋಗಿ ಹಾರ್ನ್ ಬಾರಿಸಲು ಮಹಾರುದ್ರಪ್ಪನಿಗೆ ಹೇಳಿದ. ಒಂದು ಸಲ ಬಾರಿಸಿದ್ದೇ ತಡ, ನಾಲ್ಕು ಮನೆಯವರು ಕಾರಿನ ಸುತ್ತ ನೆರೆದರು.

"ಸಣ್ಣ ಕೂಸು ಮಲಗ್ಯದ. ಕಲತವರಂಗ ಕಾಣ್ತೀರಿ," ಎಂದರು.

ಮಹಾರುದ್ರಪ್ಪ ಕೂಡಲೇ ಅವರ ಪಕ್ಷ ಸೇರಿದ. ತಾನು ಬೇಡವೆಂದೇ ಹೇಳಿದೆ ಎಂದ. ಯಾರೋ ಕುಕ್ಕರಿನ ಕೆಳಗಿನ ಒಲೆ ಆರಿಸಿದರು. ಯಾರೋ ಕುರ್ಚಿ ತಂದು ಬೀದಿಯಲ್ಲಿ ಹಾಕಿಕೊಂಡು, ಮೌನವನ್ನು ಬಿಸಿಲು ಕಾಯಿಸಿಕೊಳ್ಳುವಂತೆ ಅನುಭವಿಸತೊಡಗಿದರು. ಇವರೆಲ್ಲರ ನಡುವೆ ನರಸಿಂಗ ಮಾಳಿಗೆಯ ಗೋಡೆಯ ಮೇಲೆ ಏರುತ್ತಿದ್ದ ನೆರಳನ್ನು ನೋಡುತ್ತ ನಿಂತ.

ಒಳಗೆ ವರ್ಷಾ ಮಗಳನ್ನು ತಟ್ಟುತ್ತ ಫೈಜಲನ ಬದಿಗೆ ಕೂತಿದ್ದಳು. "ಹಿಂಗೂ ಮಲಗ್ತಾವೇನು ಕೂಸು?" ಎಂದು ಪಿಸುಗುಟ್ಟಿದಳು.

"ನಾನೂ ಈಗೇ ನೋಡಾಕತ್ತೇನಿ ಅಕ್ಕಾ," ಎಂದಳು ಆಯೆಷಾ.

ಗೋಡೆಯ ತುದಿಯಲ್ಲಿ ಗೇಣಿನಷ್ಟು ಬಿಸಿಲು ಉಳಿದಿದ್ದಾಗ ಫೈಜಲ ಹಸಿವಿಗೆ ತಾನಾಗಿಯೇ ಎದ್ದ. ಓಣಿ ನಿಟ್ಟುಸಿರು ಬಿಟ್ಟು ಒಳಗೆ ಹೋಯಿತು. ಆಯೆಷಾ ಚೀಲ ಬಿಚ್ಚಿ, ಒಮ್ಮೆ ಕೆನ್ನೆಗೆ ಒತ್ತಿಕೊಂಡು ಸುಮನಬಾಯಿಯ ಕೈಗಿತ್ತಳು. ಸುಮನಬಾಯಿ ಮೊಮ್ಮಗಳನ್ನು ಅದರಲ್ಲಿ ಮಲಗಿಸಿ ಜಿಪ್ ಎಳೆದಳು. ಮಧ್ಯಾಹ್ನದಿಂದ ಬಿಡದೆ ನಡೆದಿದ್ದ ಅಳು ಬಿಕ್ಕಾಯಿತು, ಬಿಕ್ಕು ಉಸಿರಾಯಿತು.

"ಹೊತ್ತದ ಇನ್ನ. ಏಳ್ರಿ ಅಳ್ಯಾರ, ಜಲ್ದಿ," ಎಂದಳು ಸುಮನಬಾಯಿ. "ನಾ ಆಡಿದ ಮಾತ ತಪ್ಪಂಗಿಲ್ಲ." ಅವಳು ಕುಂಕುಮದ ಬಟ್ಟಲು, ಉಡಿ ತುಂಬಲು ಅಕ್ಕಿ, ಕೊಬ್ಬರಿ ತರಲು ದೇವರ ಮನೆಗೆ ಓಡಿದಳು. ಇಡೀ ದಿನದಲ್ಲಿ ಮೊದಲ ಸಲ ಅವಳು ನರಸಿಂಗನ ಕಡೆಗಿದ್ದಳು. ಅವನು ಗಂಟುಮೂಟೆ, ಬುಟ್ಟಿ, ತೊಟ್ಟಿಲ ಹಗ್ಗ ಎಲ್ಲವನ್ನೂ ಕಾರಿಗೆ ಹಾಕಿದ. ಮಹಾರುದ್ರಪ್ಪ ಗಾಡಿ ಚಾಲೂ ಮಾಡಿ ಬಾಗಿಲು ತೆರೆದಿಟ್ಟ.

ನರಸಿಂಗ ಒಳಗೆ ಬಂದ. ಮಗಳು ಅಂಗಾತ ಮಲಗಿದ್ದಳು, ಎರಡೂ ಕೈ ಚೀಲದ ಹೊರಗೆ, ಮುಷ್ಟಿ ಬಿಚ್ಚಿ. ಅವನು ಇಷ್ಟು ಹತ್ತಿರ ನಿಂತಿದ್ದರೂ ಅಳದಿದ್ದದ್ದು ಇದೇ ಮೊದಲು. ಅವಳ ಮಗ್ಗುಲಲ್ಲಿ, ಉಟ್ಟ ಹೊಸ ಸೀರೆಯಲ್ಲೇ, ವರ್ಷಾ ಉದ್ದಕ್ಕೆ ಚಾಚಿಕೊಂಡಿದ್ದಳು.

"ವರ್ಷಾ, ಕಾರು ಬಾಗಿಲದಾಗ ಅದ."

"ಹೂಂ."

"ಕೂಸಿಗಿ ನಾ ಎತ್ತಕೋತೇನಿ. ನೀ ಖಾಲಿ ಕೈಲೆ ಬಾ."

"ಮುಟ್ಟಬ್ಯಾಡ್ರಿ. ಈಗ ಮಲಗ್ಯಾಳ, ನನಗೂ ನಿದ್ದಿ ಬೇಕು."

"ಹಿಂದಿನ ಸೀಟು ಪೂರಾ ನಿಂದೇ. ಮಲಕೊಂಡೇ ಬಾ. ಸರ್ ಮೆಲ್ಲಗ ಹೊಡೀತಾರ."

ಕುಂಕುಮದ ಬಟ್ಟಲು ಹಿಡಿದ ಸುಮನಬಾಯಿ ಬಾಗಿಲಲ್ಲಿ ನಿಂತಳು. "ಏಳವ್ವ," ಎಂದಳು. "ಇವತ್ತ ತಪ್ಪಿದ್ರ ಸಂಕ್ರಾಂತಿ ಮುಗಿಯೂ ತನಕ ಆಗಂಗಿಲ್ಲ ನೋಡು."

"ಕೇಳಿದೇನು, ಸಂಕ್ರಾಂತಿ ಮುಗಿಯೂ ತನಕ," ಎಂದ ನರಸಿಂಗ.

ವರ್ಷಾ ಕಣ್ಣು ತೆರೆಯಲಿಲ್ಲ. "ನಾ ಬರಂಗಿಲ್ಲರಿ," ಎಂದಳು.