ಐಸಣ್ಣನ ಬಿಸಿ ಪೆಟ್ಟಿಗೆ

ಹೊಸದೋ ಹಳೆಯದೋ ಎಂಬ ಒಂದೇ ಪ್ರಶ್ನೆ ಐಸಣ್ಣನ ತಲೆಯನ್ನು ತಿಂಗಳಿಡೀ ತಿಂದಿತ್ತು. ಕ್ರಿಪ್ಟೋ ಮೈನಿಂಗ್ ಮಿಷನ್ನಿನ ಮಾತು; ಕರೆಂಟು ಕುಡಿದು, ಹಗಲೂ ರಾತ್ರಿ ಲೆಕ್ಕ ಬಿಡಿಸಿ, ಕೈಗೂ ಕಣ್ಣಿಗೂ ಸಿಗದ ನಾಣ್ಯ ಗಳಿಸಿಕೊಡುವ ಯಂತ್ರ. ಹೊಸದು ಅಷ್ಟೇ ಕರೆಂಟಿಗೆ ಎರಡರಷ್ಟು ದುಡಿಯುತ್ತದೆ, ಸದ್ದು ಕಡಿಮೆ, ಮನೆಯಲ್ಲಿಡಲು ಹೇಳಿ ಮಾಡಿಸಿದ್ದು. ಬೆಲೆ ಕೇಳಿದರೆ ಮಾತ್ರ ಎದೆ ಒಡೆಯುತ್ತದೆ. ಹಳೆಯದು ಅಗ್ಗ, ಆದರೆ ಹಿಟ್ಟಿನ ಗಿರಣಿಯಂತೆ ಅರಚುತ್ತದೆ, ಮುಟ್ಟಿದರೆ ಕೈ ಸುಡುತ್ತದೆ.

ಅಗ್ಗದ ಮಾಲು ಕೊಳ್ಳುವವನಿಗೆ ಬೇಕಾದದ್ದು ಒಂದು ನೆಪ. ಐಸಣ್ಣನ ನೆಪ ಮನೆಯಲ್ಲೇ ಬಿದ್ದಿತ್ತು. ಹೆಣ ಕೆಡದಂತೆ ಇಡುವ ಫ್ರೀಜರ್ ಪೆಟ್ಟಿಗೆಯನ್ನು ಸಾವಿನ ಮನೆಗಳಿಗೆ ಬಾಡಿಗೆಗೆ ಕೊಡುವುದು ಅವನ ಕಸುಬು. ಆ ಹೆಸರು ಅಂಟಿಕೊಂಡದ್ದೂ ಅದರಿಂದಲೇ. ಇದ್ದದ್ದು ಒಂದೇ ಪೆಟ್ಟಿಗೆ, ತಂದೆಯಿಲ್ಲದ ಅವನನ್ನು ಸಾಕಿದ ಚಿಕ್ಕಪ್ಪ ಕೊಡಿಸಿದ್ದು. ವಾರದಿಂದ ಯಾರೂ ಸಾಯದೆ ಅದು ಮುಂದಿನ ಕೋಣೆಯಲ್ಲಿ ಖಾಲಿ ಕೂತಿತ್ತು. ಕಾಯುವ ಮಿಷನ್ನನ್ನು ಅದರೊಳಗಿಟ್ಟರೆ ಬಿಸಿಯೂ ಇಲ್ಲ, ಸದ್ದೂ ಇಲ್ಲ! ತಂಪು ಮಾಡಲು ಪೆಟ್ಟಿಗೆ ಕುಡಿಯುವ ಕರೆಂಟಿನ ಲೆಕ್ಕ ಮಾತ್ರ ಪುಣ್ಯಾತ್ಮನಿಗೆ ಹೊಳೆಯಲಿಲ್ಲ.

ಹೆಂಡತಿಗೆ ಹೊಳೆದಿತ್ತು. "ಬೆಂಕಿ ಹಚ್ಚಿ ಅದಕ್ಕೆ ಬೀಸಣಿಗೆ ಹಿಡ್ಕೊಂಡು ಕೂತ್ಕೋತೀರಾ? ಆ ಮಿಷನ್ ಮನೆಯೊಳಗೆ ಬಂದ್ರೆ ನಾನು ಹೊರಗೆ, ತಿಳ್ಕೊಳ್ಳಿ" ಎಂದಿದ್ದಳು. ಇಂಥದೇ ಹುಚ್ಚಿಗೆ ಅವನು ಎರಡು ಸಲ ಕೈ ಸುಟ್ಟುಕೊಂಡಾಗ ಚಿಕ್ಕಪ್ಪನ ಮುಖ ನೋಡಿ ಸುಮ್ಮನಾದವಳು. ಮೂರನೆಯ ಸಲ ಆಡಿದಂತೆ ಮಾಡುವವಳೇ. ಈಗ ಅವಳು ಉಸಿರಾಟದ ತೊಂದರೆಯಿಂದ ಆಸ್ಪತ್ರೆ ಸೇರಿದ್ದ ಚಿಕ್ಕಪ್ಪನ ಆರೈಕೆಗೆ ಹೋಗಿದ್ದಳು. ಅವರು ಚೇತರಿಸಿಕೊಂಡಿದ್ದರು, ಸಂಜೆ ಇಬ್ಬರೂ ಮನೆಗೆ ಬರುವವರಿದ್ದರು. ಅಷ್ಟರೊಳಗೆ ಹಳೆಯ ಮಿಷನ್ನನ್ನು ತಂದು, ಒಂದು ಹಗಲು ಓಡಿಸಿ ನೋಡಿ ಅಟ್ಟಕ್ಕೆ ಏರಿಸುವುದು ಐಸಣ್ಣನ ಉಪಾಯ.

ಬೆಳಿಗ್ಗೆಯೇ ಮಿಷನ್ನನ್ನು ಪೆಟ್ಟಿಗೆಯಲ್ಲಿ ಮಲಗಿಸಿ ಸ್ವಿಚ್ ಹಾಕಿದ. ಗಾಜಿನ ಮುಚ್ಚಳದಿಂದ ಕಾಣಬಾರದೆಂದು ಮಿಷನ್ನಿಗೆ ಬಿಳಿ ಬಟ್ಟೆ ಹೊದಿಸಿದ. ಎಡವಿದ್ದು ಅಲ್ಲೇ.

ಪಕ್ಕದ ಮನೆಯ ಟೈಲರಮ್ಮ ಸೂಜಿಗೆ ದಾರ ಪೋಣಿಸುವಾಗಲೂ ಒಂದು ಕಣ್ಣನ್ನು ಇವರ ಕಿಟಕಿಯ ಮೇಲೆ ಇಟ್ಟಿರುತ್ತಿದ್ದಳು. ಅಳತೆ ಟೇಪು ಕೊರಳಲ್ಲಿರುವಂತೆಯೇ ಓಡಿ ಬಂದಳು.

"ಅಯ್ಯೋ, ಯಾರಪ್ಪಾ ಇದು?"

"ಯಾರೂ ಇಲ್ಲ. ಸುಮ್ನೆ ಪೆಟ್ಟಿಗೆ ಚೆಕ್ ಮಾಡ್ತಿದೀನಿ."

"ಸುಮ್‌ಸುಮ್ನೆ ಬಿಳಿ ಬಟ್ಟೆ ಹೊದಿಸ್ತಾರಾ? ನಿನ್ನ ಹೆಂಡ್ತಿ ಎಲ್ಲಿ? ವಾರದಿಂದ ಕಾಣಿಸ್ತಾನೇ ಇಲ್ಲ. ಅವತ್ತು ಜಗಳ ಬೇರೆ ಆಡ್ತಿದ್ರಿ..." ಅವಳು ಒಂದು ಹೆಜ್ಜೆ ಹಿಂದೆ ಸರಿದಳು. ಕೊಲೆ ಎಂಬ ಮಾತು ಅವಳ ನಾಲಿಗೆಯ ತುದಿಗೆ ಬಂದದ್ದು ಐಸಣ್ಣನಿಗೆ ಕಂಡಿತು.

"ಚಿಕ್ಕಪ್ಪ!" ಎಂದುಬಿಟ್ಟ. "ಚಿಕ್ಕಪ್ಪ ಹೋಗ್ಬಿಟ್ರು. ಅವಳು ಆಸ್ಪತ್ರೆ ಲೆಕ್ಕ ಮುಗಿಸಿ ಬರ್ತಾಳೆ."

ಬಾಯಿಂದ ಬಿದ್ದ ಮಾತನ್ನು ಎತ್ತಿಕೊಳ್ಳಲಾದೀತೇ? ಗಳಿಗೆಯಲ್ಲಿ ಬೀದಿಯೇ ಒಳಗಿತ್ತು. ಕುರ್ಚಿಗಳು ಬಂದವು, ಹೂವು ಬಂತು. ಮಹಡಿ ಮನೆಯ ಪೆನ್ಷನ್ ಮೇಷ್ಟ್ರು ಕೈ ಕಟ್ಟಿ ತಲೆ ತಗ್ಗಿಸಿ ನಿಂತವರು, ಮೆಲ್ಲಗೆ ಬಗ್ಗಿ ಪೆಟ್ಟಿಗೆಗೆ ಕಿವಿಗೊಟ್ಟರು.

"ಏನಯ್ಯಾ, ಗೊರಕೆ ಹೊಡೀತಿದಾರಲ್ಲ?"

"ಪೆಟ್ಟಿಗೆ ಮೋಟರು ಮೇಷ್ಟ್ರೇ."

ಹೂವಿಡಲು ಬಾಗಿದ ಟೈಲರಮ್ಮ ಗಾಜು ಮುಟ್ಟಿ ಕಿಟಾರನೆ ಕಿರುಚಿದಳು. "ಬೆಚ್ಚಗಿದಾರೆ! ಜೀವ ಇದೆ ಕಣ್ರೋ! ಮುಚ್ಚಳ ತೆಗೀರಿ!"

"ತೆಗೀಬೇಡಿ! ಸೊಸೆ ಬರೋವರೆಗೂ ನನ್ನ ಮುಖ ಯಾರಿಗೂ ತೋರಿಸ್ಬೇಡ ಅಂದಿದಾರೆ."

"ಯಾವಾಗ ಅಂದ್ರು? ಸತ್ತ ಮೇಲಾ?" ಎಂದರು ಮೇಷ್ಟ್ರು.

ಐಸಣ್ಣನಿಗೆ ಅಳು ಬಂತು. ನಿಜವಾದ ಅಳು. ಅದನ್ನು ಕಂಡು ಮೇಷ್ಟ್ರ ಮನಸ್ಸು ಕರಗಿತು. ಅವನ ಹೆಂಡತಿಗೂ ನಾಲ್ಕು ಸಮಾಧಾನದ ಮಾತು ಹೇಳೋಣವೆಂದು ಫೋನು ಹಿಡಿದು ಅಂಗಳಕ್ಕೆ ಹೋದರು. ಐಸಣ್ಣ ಜನರ ನಡುವೆ ನುಗ್ಗಿಕೊಂಡು ಓಡುವಷ್ಟರಲ್ಲಿ ಮಾತು ಮುಗಿದಿತ್ತು.

"ಯಾರೋ ವಯಸ್ಸಾದೋರು ಎತ್ತಿದ್ರಪ್ಪಾ. ಐಸಣ್ಣನ ಚಿಕ್ಕಪ್ಪನ ಹೆಣ ಪೆಟ್ಟಿಗೇಲಿ ಭದ್ರವಾಗಿದೆ, ಚಿಂತೆ ಬೇಡ ಅಂದೆ. ಬಿದ್ದು ಬಿದ್ದು ನಗೋಕೆ ಶುರು ಮಾಡಿದ್ರು. ದುಃಖಕ್ಕೆ ಒಬ್ಬೊಬ್ರಿಗೆ ಹಾಗಾಗತ್ತೆ, ಪಾಪ."

ಐಸಣ್ಣನಿಗೆ ಹೋದ ಜೀವ ಬಂದಂತಾಯಿತು. ಹಾಗೆ ನಗುವವರು ಚಿಕ್ಕಪ್ಪ ಒಬ್ಬರೇ. ಅವರಿಗೆ ಎಲ್ಲ ಅರ್ಥವಾಗಿದೆ. ಸಂಜೆ ಕೋಲೂರಿಕೊಂಡು ಬರುತ್ತಾರೆ, ಬೀದಿಯೆದುರು ಕಿವಿ ಹಿಂಡುತ್ತಾರೆ, ಆಮೇಲೆ ಹೆಂಡತಿಯನ್ನು ಒಪ್ಪಿಸುತ್ತಾರೆ. ಇನ್ನೊಂದು ಸಲ, ಕೊನೆಯ ಸಲ. ಅವರು ಬರುವವರೆಗೆ ಪೆಟ್ಟಿಗೆ ಕಾಯ್ದರೆ ಸಾಕು.

ಕಾಯುವುದೇ ಕಷ್ಟವಾಯಿತು. ಮಧ್ಯಾಹ್ನ ಕಳೆಯುತ್ತಿದ್ದಂತೆ ಪೆಟ್ಟಿಗೆಯೊಳಗಿಂದ ಢಬ್ ಎಂದಿತು, ಸುಟ್ಟ ವಾಸನೆ ಬಂತು, ಸದ್ದು ಪೂರ್ತಿ ನಿಂತಿತು.

"ಪೆಟ್ಟಿಗೆ ಕೆಟ್ಟಿತು, ಇನ್ನು ಇಟ್ಕೊಳ್ಳೋ ಹಾಗಿಲ್ಲ. ಎತ್ರಪ್ಪಾ!" ಎಂದರು ಮೇಷ್ಟ್ರು. ನಾಲ್ವರು ನಾಲ್ಕು ಮೂಲೆ ಹಿಡಿದರು. ಐಸಣ್ಣ ಪೆಟ್ಟಿಗೆಯ ಮೇಲೆ ಅಡ್ಡಬಿದ್ದು, "ಬೇಡಿ, ಅವ್ರು ಬರ್ತಾರೆ, ಬರ್ತಾರೆ" ಎಂದು ಗೋಗರೆದ. ಎಂಥ ಮಗ, ಎಂದು ಟೈಲರಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಹೊರಗೆ ವ್ಯಾನು ನಿಂತಿತು. ಹೆಂಡತಿ ಒಬ್ಬಳೇ ಇಳಿದು ಬಂದಳು. ಹೂವು, ಕುರ್ಚಿ, ಜನ ಯಾವುದೂ ಅವಳ ಕಣ್ಣಿಗೆ ಬಿದ್ದಂತಿರಲಿಲ್ಲ.

"ಪೆಟ್ಟಿಗೆ ಖಾಲಿ ಮಾಡಿ. ಮಾವ ವ್ಯಾನಲ್ಲಿದಾರೆ."

"ನಡ್ಕೊಂಡು ಬರೋಕೆ ಆಗಲ್ವಂತಾ?" ಎಂದ ಐಸಣ್ಣ.

ಅವಳು ಅವನನ್ನೇ ನೋಡಿದಳು. "ಫೋನು ಮಾವನ ಕೈಲಿತ್ತು. 'ನಿನ್ನ ಗಂಡ ನನ್ನನ್ನ ಪೆಟ್ಟಿಗೇಲಿ ಮಲಗಿಸ್ಬಿಟ್ಟಿದಾನಂತೆ ಕಣಮ್ಮಾ, ಮಿಷನ್ ತಂದಿರ್ತಾನೆ ಕಳ್ಳ, ಬೈಬೇಡ ಅವನ್ನ' ಅಂತ ನಕ್ಕರು. ನಗ್ತಾ ನಗ್ತಾ ಕೆಮ್ಮು ಹತ್ತಿತು. ಆಮೇಲೆ ಉಸಿರೇ ಸಿಗ್ಲಿಲ್ಲ."

ಮುಚ್ಚಳವನ್ನೂ ಬಟ್ಟೆಯನ್ನೂ ಅವಳೇ ತೆಗೆದಳು. ಒಳಗೆ ಕರಕಲಾದ ಮಿಷನ್ನು. ಮೇಲಿದ್ದ ಹೂವು ಅದರ ಮೇಲೆ ಉದುರಿತು. ಮೂಲೆ ಹಿಡಿದಿದ್ದ ನಾಲ್ವರು ಕೈ ಬಿಟ್ಟರು. ಮೇಷ್ಟ್ರು ತಮ್ಮ ಫೋನನ್ನು ಜೇಬಿನೊಳಗೆ ಆಳಕ್ಕೆ ತುರುಕಿಕೊಂಡು ಗೋಡೆ ಹಿಡಿದು ಕೂತರು.

"ಮಣ್ಣಾಗೋವರೆಗೆ ಇರ್ತೀನಿ. ಆಮೇಲೆ ಇಲ್ಲ" ಎಂದಳು ಹೆಂಡತಿ. "ಮೊದ್ಲು ಒಂದು ಪೆಟ್ಟಿಗೆ ತರಿಸಿ."

ಊರಿನಲ್ಲಿ ಪೆಟ್ಟಿಗೆ ಬಾಡಿಗೆಗೆ ಕೊಡುವವನು ಇನ್ನೊಬ್ಬನಿದ್ದ. ಇಬ್ಬರಿಗೂ ಹಾವು ಮುಂಗುಸಿಯ ಹಗೆ. ಐಸಣ್ಣ ಅವನಿಗೇ ಫೋನು ಹಚ್ಚಿದ.

"ನಿಂಗೇ ಪೆಟ್ಟಿಗೆ ಬೇಕಾ? ಯಾರಯ್ಯಾ ತೀರ್ಕೊಂಡಿದ್ದು?" ಎಂದಿತು ಆ ಕಡೆಯ ದನಿ.

ಬೆಳಿಗ್ಗೆ ಅಷ್ಟು ಸಲೀಸಾಗಿ ಬಂದ ಮಾತು ಈಗ ಬಾಯಿಗೆ ಬರಲಿಲ್ಲ.